ಆಮದು ತೈಲದ ಸುಂಕವೂ ನಮ್ಮ ಉಸಿರೂ

ಆರೋಗ್ಯದ ಪುಟಗಳಲ್ಲಿ ತೆರಿಗೆಯ ಮಾತೇಕೆ ಎಂದು ವಾಚಕರು ಕೇಳಬಹುದು. ಸಂಘದ ಸ್ಮರಣ ಸಂಚಿಕೆಯ ಈ ಭಾಗದಲ್ಲಿ ಮಧುಮೇಹ, ರಕ್ತದೊತ್ತಡ, ಮಂಡಿನೋವು ಮೊದಲಾದವನ್ನು ಕುರಿತು ಬರೆಯುವುದು ವಾಡಿಕೆ. ಬೆಲೆ, ಸುಂಕ, ಸೆಸ್ಸು ಇವೆಲ್ಲ ಅರ್ಥಶಾಸ್ತ್ರಜ್ಞರಿಗೆ ಸೇರಿದ ವಿಷಯಗಳು. ಆದರೆ ರೋಗಿಯೊಬ್ಬರು ನನ್ನೆದುರಿಗೆ ಕುಳಿತು ಕೇಳಿದ ಒಂದು ಪ್ರಶ್ನೆ ನನ್ನನ್ನು ಈ ದಾರಿಗೆ ಎಳೆದು ತಂದಿತು.

ಅವರು ಉಡುಪಿ ಜಿಲ್ಲೆಯ ಕಾಪು ಕಡೆಯವರು. ಹದಿನೆಂಟರ ಹರೆಯದಲ್ಲಿ ಮುಂಬಯಿಗೆ ಬಂದು, ಕೆಲವು ಕಾಲ ಹೋಟೆಲಿನಲ್ಲಿ ದುಡಿದು, ಅನಂತರ ನಲವತ್ತು ವರುಷ ಕಪ್ಪು-ಹಳದಿ ಟ್ಯಾಕ್ಸಿ ಓಡಿಸಿದವರು. ಎರಡು ಮಹಡಿ ಹತ್ತುವಷ್ಟರಲ್ಲಿ ಉಸಿರು ಕಟ್ಟುತ್ತದೆ, ಬೆಳಗಿನ ಜಾವ ಕೆಮ್ಮು ಬಿಡುವುದಿಲ್ಲ ಎಂದು ಬಂದಿದ್ದರು. ಉಸಿರಿನ ಯಂತ್ರದಲ್ಲಿ ಊದಿಸಿ ನೋಡಿದಾಗ ಶ್ವಾಸಕೋಶದ ಶಕ್ತಿ ಹೆಚ್ಚುಕಡಿಮೆ ಅರ್ಧಕ್ಕೆ ಇಳಿದಿರುವುದು ಕಂಡುಬಂತು.

“ಡಾಕ್ಟ್ರೇ, ನಾನು ಬೀಡಿ ಸೇದಿದವನಲ್ಲ. ಈ ದಮ್ಮು ಎಲ್ಲಿಂದ ಬಂತು?” ಎಂದು ಕೇಳಿದರು. ರಸ್ತೆಯ ಹೊಗೆಯ ಮಾತನ್ನು ನಾನು ವಿವರಿಸಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, “ಪೆಟ್ರೋಲಿಗೂ ಡೀಸೆಲಿಗೂ ಜೀವಮಾನವಿಡೀ ತೆರಿಗೆ ಕೊಟ್ಟಿದ್ದೇನೆ. ಅದರಲ್ಲಿ ಈ ಕೆಮ್ಮಿಗೆ ಅಂತ ಏನಾದರೂ ಉಂಟೋ?” ಎಂದರು.

ಆ ಪ್ರಶ್ನೆಗೆ ಅಂದು ನನ್ನಲ್ಲಿ ಉತ್ತರವಿರಲಿಲ್ಲ. ಅನಂತರ ಹುಡುಕಿ ತಿಳಿದುಕೊಂಡುದನ್ನು ಸಂಘದ ಬಂಧುಗಳ ಮುಂದೆ ಇಡುವುದೇ ಈ ಲೇಖನದ ಉದ್ದೇಶ.

ಎಣ್ಣೆ ಉರಿದಾಗ ಎದೆಯಲ್ಲಿ ಆಗುವುದೇನು?

ಡೀಸೆಲು, ಪೆಟ್ರೋಲು ಉರಿದಾಗ ಹೊರಬರುವ ಹೊಗೆಯಲ್ಲಿ ಕಣ್ಣಿಗೆ ಕಾಣುವ ಮಸಿಗಿಂತ ಕಾಣದ ಧೂಳೇ ಹೆಚ್ಚು ಅಪಾಯಕಾರಿ. ಎರಡೂವರೆ ಮೈಕ್ರಾನಿಗಿಂತ ಚಿಕ್ಕದಾದ ಕಣಗಳನ್ನು ಪಿ.ಎಂ. 2.5 ಎಂದು ಕರೆಯುತ್ತಾರೆ. ನಮ್ಮ ತಲೆಗೂದಲಿನ ದಪ್ಪದ ಸುಮಾರು ಮೂವತ್ತನೆಯ ಒಂದು ಪಾಲಿನಷ್ಟು ಗಾತ್ರ ಇವುಗಳದು. ಮೂಗಿನ ಕೂದಲು, ಗಂಟಲಿನ ಲೋಳೆ ಇವು ದೊಡ್ಡ ಧೂಳನ್ನು ತಡೆದು ನಿಲ್ಲಿಸಬಲ್ಲವು. ಈ ಸೂಕ್ಷ್ಮ ಕಣಗಳನ್ನು ತಡೆಯಲಾರವು. ಅವು ಶ್ವಾಸಕೋಶದ ತುತ್ತತುದಿಯ ಗಾಳಿಚೀಲಗಳವರೆಗೂ ಇಳಿಯುತ್ತವೆ. ಅತಿ ಸೂಕ್ಷ್ಮವಾದವು ಅಲ್ಲಿಂದ ರಕ್ತವನ್ನೂ ಸೇರುತ್ತವೆ. ಆದ್ದರಿಂದಲೇ ಹೊಗೆಯ ಊರಿನಲ್ಲಿ ಗೂರಲು, ಅಸ್ತಮಾಗಳಷ್ಟೇ ಅಲ್ಲದೆ ಹೃದಯಾಘಾತವೂ ಪಾರ್ಶ್ವವಾಯುವೂ ಹೆಚ್ಚುತ್ತವೆ.

ಇದರೊಡನೆ ಇಂಗಾಲದ ಮಾನಾಕ್ಸೈಡ್ ಬೇರೆ. ಈ ಅನಿಲಕ್ಕೆ ರಕ್ತದ ಹಿಮೋಗ್ಲೋಬಿನ್ನಿನ ಮೇಲಿರುವ ಸೆಳೆತ ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಮಿಕ್ಕಿದ್ದು. ವಾಹನಗಳ ಸಾಲಿನಲ್ಲಿ ಗಂಟೆಗಟ್ಟಲೆ ನಿಂತವರಿಗೆ ತಲೆ ಭಾರವಾಗಿ ಬಳಲಿಕೆ ಬರುವುದಕ್ಕೆ ಇದೂ ಒಂದು ಕಾರಣವಾಗಬಲ್ಲದು. ಡೀಸೆಲ್ ಹೊಗೆ ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು 2012ರ ಜೂನ್ ತಿಂಗಳಿನಲ್ಲಿ ನಿಸ್ಸಂದಿಗ್ಧವಾಗಿ ಸಾರಿತು.

ಪಿ.ಎಂ. 2.5 ವರ್ಷದ ಸರಾಸರಿಯಲ್ಲಿ ಒಂದು ಘನಮೀಟರ್ ಗಾಳಿಗೆ 5 ಮೈಕ್ರೋಗ್ರಾಮಿಗಿಂತ ಹೆಚ್ಚಿರಬಾರದೆಂದು ಆ ಸಂಸ್ಥೆ 2021ರಲ್ಲಿ ಸೂಚಿಸಿತು. ನಮ್ಮ ದೇಶ 2009ರಲ್ಲಿ ಗೊತ್ತುಮಾಡಿದ ಮಿತಿ 40. ಆ ಸಡಿಲವಾದ ಮಿತಿಯನ್ನು ಸಹ ನಮ್ಮ ಅನೇಕ ಮಹಾನಗರಗಳು ದಾಟುತ್ತವೆ.

ಹಾಗೆಂದು ನಿರಾಶರಾಗಬೇಕಾಗಿಲ್ಲ. 2000ದ ಫೆಬ್ರವರಿಯ ಹೊತ್ತಿಗೆ ದೇಶದಾದ್ಯಂತ ಪೆಟ್ರೋಲಿನಿಂದ ಸೀಸವನ್ನು ತೆಗೆಯಲಾಯಿತು. ಮಕ್ಕಳ ಮಿದುಳಿಗೆ ಮಾರಕವಾದ ವಿಷವೊಂದು ಬೀದಿಯ ಗಾಳಿಯಿಂದ ಹೀಗೆ ದೂರವಾಯಿತು. ಮುಂಬಯಿಯ ಟ್ಯಾಕ್ಸಿಗಳು ನ್ಯಾಯಾಲಯದ ಆದೇಶದ ಮೇರೆಗೆ 2000ದ ದಶಕದಲ್ಲಿ ಸಿ.ಎನ್.ಜಿ.ಗೆ ಬದಲಾದವು. 2020ರ ಏಪ್ರಿಲಿನಲ್ಲಿ ಬಿ.ಎಸ್. 6 ಇಂಧನ ಬಂದಾಗ ಗಂಧಕದ ಅಂಶ ಹತ್ತು ಲಕ್ಷಕ್ಕೆ 50 ಪಾಲಿನಿಂದ 10ಕ್ಕೆ ಇಳಿಯಿತು. ಸರ್ಕಾರ ಮನಸ್ಸು ಮಾಡಿ ಹಣ ಒದಗಿಸಿದಲ್ಲಿ ಗಾಳಿ ಶುದ್ಧವಾಗುತ್ತದೆ ಎಂಬುದಕ್ಕೆ ಇವು ಸಾಕ್ಷಿ. ಪ್ರಶ್ನೆ ಇರುವುದು ಮುಂದಿನ ದೊಡ್ಡ ಹೆಜ್ಜೆಗೆ, ಅಂದರೆ ಎಣ್ಣೆಯನ್ನು ಸುಡುವುದನ್ನೇ ಕಡಿಮೆ ಮಾಡುವುದಕ್ಕೆ, ಹಣ ಎಲ್ಲಿಂದ ಬರಬೇಕು ಎಂಬುದು.

ಹಡಗಿನಲ್ಲಿ ಬರುವ ಎಣ್ಣೆ

1973ರ ಅರಬ್-ಇಸ್ರೇಲ್ ಯುದ್ಧದ ತರುವಾಯ ಕಚ್ಚಾ ತೈಲದ ಬೆಲೆ ಕೆಲವೇ ತಿಂಗಳಲ್ಲಿ ಸುಮಾರು ನಾಲ್ಕು ಪಟ್ಟು ಏರಿದುದನ್ನು ನಮ್ಮ ಹಿರಿಯರು ಮರೆತಿರಲಾರರು. ಮರುವರ್ಷವೇ ಬಾಂಬೆ ಹೈ ಕಡಲಿನಲ್ಲಿ ತೈಲ ದೊರೆತು, 1976ರಲ್ಲಿ ಉತ್ಪಾದನೆ ಪ್ರಾರಂಭವಾದಾಗ ದೇಶವೇ ನಿಟ್ಟುಸಿರು ಬಿಟ್ಟಿತು. ಆದರೆ ಬೇಡಿಕೆ ಬೆಳೆದ ವೇಗಕ್ಕೆ ನಮ್ಮ ಬಾವಿಗಳು ಸರಿಸಾಟಿಯಾಗಲಿಲ್ಲ. 2024-25ರಲ್ಲಿ ನಾವು ಬಳಸಿದ ತೈಲದಲ್ಲಿ ಶೇಕಡಾ 88ರಷ್ಟು ಹೊರದೇಶದ್ದು. ಆ ಒಂದು ವರ್ಷದಲ್ಲಿ ಸುಮಾರು 24 ಕೋಟಿ ಟನ್ ಕಚ್ಚಾ ತೈಲ ಹಡಗುಗಳಲ್ಲಿ ಬಂದಿಳಿಯಿತು. ಅದಕ್ಕೆ ತೆತ್ತದ್ದು ಸುಮಾರು 13,700 ಕೋಟಿ ಡಾಲರು. ಮುಂಬಯಿಯ ತುರ್ಭೆಯಲ್ಲಿ 1954-55ರಲ್ಲಿ ಎದ್ದ ಎರಡು ಶುದ್ಧೀಕರಣ ಕಾರ್ಖಾನೆಗಳಿಂದ ಹಿಡಿದು ನಮ್ಮ ಮಂಗಳೂರಿನ ಕಾರ್ಖಾನೆಯವರೆಗೆ ಎಲ್ಲವೂ ಬಹುಮಟ್ಟಿಗೆ ಈ ಪರದೇಶದ ಎಣ್ಣೆಯನ್ನೇ ಅವಲಂಬಿಸಿವೆ.

ಇಲ್ಲೊಂದು ವಿಚಿತ್ರವನ್ನು ವಾಚಕರು ಗಮನಿಸಬೇಕು. ಪೆಟ್ರೋಲು ಬಂಕಿನಲ್ಲಿ ನಾವು ಕೊಡುವ ಬೆಲೆಯಲ್ಲಿ ತೆರಿಗೆಯ ಪಾಲು ದೊಡ್ಡದೇ. ಆದರೆ ಬಂದರಿನಲ್ಲಿ ಇಳಿಯುವ ಕಚ್ಚಾ ತೈಲಕ್ಕೆ ಬಹುತೇಕ ಸುಂಕವೇ ಇಲ್ಲ. ಇದ್ದ ಶೇಕಡಾ 5ರ ಆಮದು ಸುಂಕವನ್ನು 2011ರ ಜೂನಿನಲ್ಲಿ ತೆಗೆದುಹಾಕಲಾಯಿತು. ಆ ಮೇಲೆ ಉಳಿದದ್ದು ಹೆಸರಿಗೆ ಮಾತ್ರದ ಸುಂಕವೂ ವಿಪತ್ತು ಪರಿಹಾರದ ಹೆಸರಿನಲ್ಲಿ ಟನ್ನಿಗೆ 50 ರೂಪಾಯಿಯೂ. ಲೀಟರಿನ ಲೆಕ್ಕಕ್ಕೆ ತಂದರೆ ನಾಲ್ಕೈದು ಪೈಸೆ. ಅದೇ ನಮ್ಮ ಬಾವಿಗಳಿಂದ ತೆಗೆದ ತೈಲದ ಮೇಲೆ 2016ರಲ್ಲಿ ಶೇಕಡಾ 20ರ ಸೆಸ್ಸು ಗೊತ್ತಾಯಿತು. ಮನೆಯ ಹಸುವಿನ ಹಾಲಿಗೆ ಸುಂಕ, ಪೇಟೆಯಿಂದ ತಂದ ಹಾಲಿಗೆ ರಿಯಾಯಿತಿ ಎಂಬಂತಾಯಿತು ಈ ವ್ಯವಸ್ಥೆ.

ಆಮದು ತೈಲದ ಮೇಲೆ ಲೀಟರಿಗೆ ಒಂದೇ ಒಂದು ರೂಪಾಯಿ ಸುಂಕ ವಿಧಿಸಿ ಅದನ್ನು ಶುದ್ಧ ಶಕ್ತಿಗೆಂದು ಮೀಸಲಿಟ್ಟರೆ ಎಷ್ಟಾದೀತು? ಲೆಕ್ಕ ಸುಲಭ. ಒಂದು ಟನ್ ಎಂದರೆ ಸುಮಾರು 1,150 ಲೀಟರು. 24 ಕೋಟಿ ಟನ್ನಿಗೆ 27 ಸಾವಿರ ಕೋಟಿ ರೂಪಾಯಿಗೂ ಹೆಚ್ಚು. ಇಲ್ಲಿ ಶುದ್ಧೀಕರಿಸಿ ಮತ್ತೆ ಹೊರದೇಶಕ್ಕೆ ಕಳುಹಿಸುವ ಪಾಲನ್ನು ಬಿಟ್ಟುಕೊಟ್ಟರೂ ವರ್ಷಕ್ಕೆ 20 ಸಾವಿರ ಕೋಟಿಯ ಆಸುಪಾಸಿನಲ್ಲಿ ಹಣ ಕೂಡಬಹುದು.

ಈ ಮೊತ್ತದ ಶಕ್ತಿಯನ್ನು ಅಳೆಯಲು ನಮಗೆ ಪರಿಚಿತವಾದ ಉದಾಹರಣೆ ಕೊಂಕಣ ರೈಲ್ವೆ. ರೋಹಾದಿಂದ ಮಂಗಳೂರಿನ ಬಳಿಯ ತೋಕೂರಿನವರೆಗಿನ 741 ಕಿಲೋಮೀಟರ್ ಹಳಿಗೆ ವಿದ್ಯುತ್ ತಂತಿ ಎಳೆಯುವ ಕಾರ್ಯ 2022ರಲ್ಲಿ ಪೂರ್ಣಗೊಂಡಿತು. ಖರ್ಚು ಸುಮಾರು 1,287 ಕೋಟಿ ರೂಪಾಯಿ. ರಜೆಗೆ ಊರಿಗೆ ಹೋಗುವಾಗ ಸುರಂಗಗಳೊಳಗೆ ಡೀಸೆಲ್ ಎಂಜಿನ್ನಿನ ಹೊಗೆ ಡಬ್ಬಿಗೆ ನುಗ್ಗಿ ಮಕ್ಕಳು ಕೆಮ್ಮುತ್ತಿದ್ದುದನ್ನು ನೆನೆಯಿರಿ. ಆ ಹೊಗೆಯನ್ನು ಆ ಹಾದಿಯಿಂದ ಹೋಗಲಾಡಿಸಿದ ಮೊತ್ತಕ್ಕಿಂತ ಹದಿನೈದು ಪಟ್ಟು ಹಣ ಒಂದೊಂದು ವರ್ಷವೂ ಸೇರಬಲ್ಲದು.

ಮೂರು ಹುಂಡಿಗಳ ಕಥೆ

ಆದರೆ ಹಣ ಕೂಡಿಸುವುದು ಬೇರೆ, ಅದು ಹೇಳಿದ ಕೆಲಸಕ್ಕೆ ಸಲ್ಲುವುದು ಬೇರೆ. ದೇವರು ವರ ಕೊಟ್ಟರೂ ಪೂಜಾರಿ ಕೊಡನೆಂಬ ಗಾದೆ ನಮ್ಮಲ್ಲಿ ಸುಮ್ಮನೆ ಹುಟ್ಟಿದ್ದಲ್ಲ. ಇಂಧನದ ಮೇಲೆ ಸೆಸ್ಸು ವಿಧಿಸಿ ಮೂರು ಹುಂಡಿಗಳನ್ನು ಇಟ್ಟ ಅನುಭವ ನಮ್ಮ ದೇಶಕ್ಕಾಗಲೇ ಇದೆ.

ಮೊದಲನೆಯದು ತೈಲ ಅಭಿವೃದ್ಧಿಯ ಹುಂಡಿ. ತೈಲ ಬಿಕ್ಕಟ್ಟಿನ ಬಿಸಿಯಲ್ಲಿ, 1974ರಲ್ಲಿ, ತೈಲ ಉದ್ಯಮ ಅಭಿವೃದ್ಧಿ ಕಾನೂನು ಬಂತು. ದೇಶದೊಳಗೆ ತೆಗೆದ ತೈಲದ ಮೇಲೆ ಸೆಸ್ಸು ವಿಧಿಸಿ, ಆ ಹಣದಿಂದ ತೈಲ ಶೋಧನೆ ಮೊದಲಾದ ಕಾರ್ಯಗಳನ್ನು ನಡೆಸಲು ಮಂಡಳಿಯೊಂದನ್ನು ಸ್ಥಾಪಿಸಲಾಯಿತು. ಆದರೆ ಸೆಸ್ಸು ಮೊದಲು ಸೇರುವುದು ಕೇಂದ್ರದ ಸಂಚಿತ ನಿಧಿಗೆ. ಅಲ್ಲಿಂದ ಸಂಸತ್ತು ಮಂಜೂರು ಮಾಡಿದಷ್ಟು ಮಾತ್ರ ಮಂಡಳಿಗೆ. 1991-92ರವರೆಗೆ ಮಂಡಳಿಯ ಕೈಸೇರಿದ್ದು ಒಟ್ಟು ಸುಮಾರು 900 ಕೋಟಿ ರೂಪಾಯಿ. ಆ ಬಳಿಕ ವರ್ಷವರ್ಷವೂ ಸಾವಿರಾರು ಕೋಟಿ ಸಂಗ್ರಹವಾದರೂ ಅದು ಸರ್ಕಾರದ ಸಾಮಾನ್ಯ ಖರ್ಚಿನಲ್ಲಿ ಕರಗಿತು. ಮಂಡಳಿ ತನ್ನಲ್ಲಿದ್ದ ಮೂಲಧನವನ್ನು ಸಾಲ ಕೊಟ್ಟು, ಬಡ್ಡಿಯಿಂದ ಬೆಳೆಸಿಕೊಂಡು ನಡೆದುಬಂತು. ನನ್ನ ರೋಗಿಯ ಊರಿಗೆ ಸಮೀಪದ ಪಾದೂರಿನಲ್ಲಿ ಬಂಡೆ ಕೊರೆದು 25 ಲಕ್ಷ ಟನ್, ಮಂಗಳೂರಿನಲ್ಲಿ 15 ಲಕ್ಷ ಟನ್ ತೈಲವನ್ನು ಆಪತ್ಕಾಲಕ್ಕೆಂದು ಕೂಡಿಡುವ ಭೂಗತ ಕಣಜಗಳನ್ನು ನಿರ್ಮಿಸಿದ್ದು ಇದೇ ಮಂಡಳಿಯ ಅಂಗಸಂಸ್ಥೆ.

ಎರಡನೆಯದು ರಸ್ತೆಯ ಹುಂಡಿ. 1998ರಲ್ಲಿ ಪೆಟ್ರೋಲಿನ ಮೇಲೆ, 1999ರಲ್ಲಿ ಡೀಸೆಲಿನ ಮೇಲೆ ಲೀಟರಿಗೆ ಒಂದು ರೂಪಾಯಿಯಂತೆ ಹೆಚ್ಚುವರಿ ಸುಂಕ ಬಂತು. 2000ದಲ್ಲಿ ಕೇಂದ್ರ ರಸ್ತೆ ನಿಧಿ ಕಾನೂನು ಬಂದು, ಈ ಹಣದ ಎಷ್ಟು ಪಾಲು ಯಾವ ರಸ್ತೆಗೆ ಎಂಬುದನ್ನು ಗೊತ್ತುಮಾಡಿತು. ಆ ಹಣವೂ, ಅದರ ಭರವಸೆಯ ಮೇಲೆ ತಂದ ಸಾಲವೂ ಸೇರಿ ನಾಲ್ಕು ಮಹಾನಗರಗಳನ್ನು ಕೂಡಿಸುವ 5,846 ಕಿಲೋಮೀಟರಿನ ಚತುಷ್ಪಥ ಹೆದ್ದಾರಿ ಎದ್ದಿತು. ಮುಂಬಯಿ-ಪುಣೆಗಳಿಂದ ಕೊಲ್ಹಾಪುರ, ಬೆಳಗಾವಿ, ಹುಬ್ಬಳ್ಳಿ, ಚಿತ್ರದುರ್ಗಗಳ ಮೇಲೆ ಬೆಂಗಳೂರಿಗೆ ಹೋಗುವ ದಾರಿ ಅದರದೇ ಒಂದು ಭಾಗ. ನಾವು ಕೊಟ್ಟ ಒಂದು ರೂಪಾಯಿ ಕಣ್ಣಿಗೆ ಕಾಣುವಂತೆ ಕಾಲ ಕೆಳಗೆ ಹಾಸಿಕೊಂಡಿದೆ. ಕಾನೂನಿನಲ್ಲಿ ಕಟ್ಟಿಹಾಕಿದ ಸುಂಕ ಏನು ಮಾಡಬಲ್ಲದೆಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಬೇಕಿಲ್ಲ.

ಮೂರನೆಯದು ಶುದ್ಧ ಶಕ್ತಿಯ ಹುಂಡಿ. ನಮ್ಮ ವಿಷಯಕ್ಕೆ ಅತ್ಯಂತ ಸಮೀಪವಾದದ್ದು ಇದೇ. 2010ರ ಮುಂಗಡಪತ್ರದಲ್ಲಿ ಅಂದಿನ ಅರ್ಥಸಚಿವ ಪ್ರಣವ್ ಮುಖರ್ಜಿಯವರು ಕಲ್ಲಿದ್ದಲಿನ ಮೇಲೆ, ಅದು ದೇಶೀಯವಿರಲಿ ಆಮದಾಗಿರಲಿ, ಶುದ್ಧ ಶಕ್ತಿ ಸೆಸ್ಸನ್ನು ಪ್ರಕಟಿಸಿದರು. ಆ ವರ್ಷದ ಜುಲೈ 1ರಿಂದ ಟನ್ನಿಗೆ 50 ರೂಪಾಯಿ. 2014ರಲ್ಲಿ ಅದು 100, 2015ರಲ್ಲಿ 200, 2016ರಲ್ಲಿ 400 ಆಯಿತು. ಹೊಗೆ ಮಾಡುವವನಿಂದ ಪಡೆದು ಹೊಗೆಯಿಲ್ಲದ ಶಕ್ತಿಗೆ ಕೊಡುವುದು ಇದರ ತತ್ತ್ವ. ಲೋಕದ ಬಹಳ ದೇಶಗಳು ಇನ್ನೂ ಮಾತಾಡುತ್ತಿದ್ದಾಗ ನಾವು ಮಾಡಿ ತೋರಿಸಿದ ಕೆಲಸವಿದು.

ಪರಿಣಾಮವೇನು? ಈ ಸೆಸ್ಸಿನಿಂದ ಒಟ್ಟು ಸುಮಾರು 86 ಸಾವಿರ ಕೋಟಿ ರೂಪಾಯಿ ಸಂಗ್ರಹವಾಯಿತು. ಅದರಲ್ಲಿ ಶುದ್ಧ ಶಕ್ತಿಯ ನಿಧಿಗೆ ವರ್ಗಾವಣೆಯಾದದ್ದು 30 ಸಾವಿರ ಕೋಟಿಗೂ ಕಡಿಮೆ. ಆ ನಿಧಿಯಿಂದ ನಿಜವಾಗಿ ಯೋಜನೆಗಳಿಗೆ ವೆಚ್ಚವಾದದ್ದು ಸುಮಾರು 16 ಸಾವಿರ ಕೋಟಿ. ಅಂದರೆ ನೂರು ರೂಪಾಯಿಯಲ್ಲಿ ಹದಿನೆಂಟೋ ಹತ್ತೊಂಬತ್ತೋ ರೂಪಾಯಿ. 2017ರ ಜುಲೈಯಲ್ಲಿ ಜಿ.ಎಸ್.ಟಿ. ಬಂದಾಗ ಈ ಸೆಸ್ಸು ರದ್ದಾಯಿತು. ಆದರೆ ಟನ್ನಿಗೆ ಅದೇ 400 ರೂಪಾಯಿ ರಾಜ್ಯಗಳಿಗೆ ಕೊಡುವ ಪರಿಹಾರದ ಹೆಸರಿನಲ್ಲಿ ಮುಂದುವರಿಯಿತು. ಅಳಿಯ ಅಲ್ಲ, ಮಗಳ ಗಂಡ! 2025ರ ಸೆಪ್ಟೆಂಬರಿನಲ್ಲಿ ಆ ಪರಿಹಾರ ಸೆಸ್ಸೂ ಹೋಗಿ, ಕಲ್ಲಿದ್ದಲಿನ ಜಿ.ಎಸ್.ಟಿ. ಶೇಕಡಾ 5ರಿಂದ 18ಕ್ಕೆ ಏರಿತು. ಶುದ್ಧ ಗಾಳಿಗೆಂದು ಮೀಸಲಾಗಿದ್ದ ಹುಂಡಿ ಹೀಗೆ ಇಲ್ಲವಾಯಿತು.

ಆ ಅಲ್ಪ ಭಾಗವಾದರೂ ವ್ಯರ್ಥವಾಗಲಿಲ್ಲ ಎಂಬುದನ್ನು ಹೇಳದೆ ಹೋದರೆ ಅನ್ಯಾಯವಾದೀತು. ಗಾಳಿ, ಬಿಸಿಲುಗಳಿಂದ ಹುಟ್ಟಿದ ವಿದ್ಯುತ್ತನ್ನು ಸಾಗಿಸುವ ಹಸಿರು ವಿದ್ಯುತ್ ಮಾರ್ಗಗಳ ಮೊದಲ ಹಂತದಲ್ಲಿ ಕರ್ನಾಟಕವೂ ಸೇರಿ ಎಂಟು ರಾಜ್ಯಗಳಿದ್ದವು. ವೆಚ್ಚದ ಶೇಕಡಾ 40 ಈ ನಿಧಿಯಿಂದ ಬರುವಂತೆ ಏರ್ಪಾಡಾಗಿತ್ತು. ಬಿಸಿಲು ನಾಡಾದ ಪಾವಗಡದಲ್ಲಿ ರೈತರಿಂದ ಗುತ್ತಿಗೆಗೆ ಪಡೆದ ಸುಮಾರು 13 ಸಾವಿರ ಎಕರೆಯಲ್ಲಿ 2,050 ಮೆಗಾವಾಟ್ ಸೌರ ಸ್ಥಾವರ ನಿಂತ ಕಾಲವೂ ಅದೇ. ಮಾರ್ಗಗಳಿಲ್ಲದಿದ್ದರೆ ಬಿಸಿಲಿನ ವಿದ್ಯುತ್ತು ಹುಟ್ಟಿದಲ್ಲೇ ಉಳಿಯುತ್ತದೆ. ಇಲ್ಲಿ ಒಂದು ಮಾತನ್ನು ವೈದ್ಯನಾಗಿ ಸೇರಿಸಬೇಕು. ಮುಂಬಯಿಯ ಬಸ್ಸಿಗೆ ವಿದ್ಯುತ್ ಮೋಟಾರು ಕೂಡಿಸಿ, ಆ ವಿದ್ಯುತ್ತನ್ನು ರಾಯಚೂರಿನಲ್ಲೋ ಚಂದ್ರಪುರದಲ್ಲೋ ಕಲ್ಲಿದ್ದಲು ಸುಟ್ಟು ತಂದರೆ, ನಮ್ಮ ಕೆಮ್ಮಿನ ಒಂದು ಭಾಗವನ್ನು ಅಲ್ಲಿನವರಿಗೆ ದಾಟಿಸಿದಂತಾಗುತ್ತದೆ. ಆದಕಾರಣ ಎಣ್ಣೆಯನ್ನು ಬಿಡುವ ಕೆಲಸವೂ ಶುದ್ಧ ವಿದ್ಯುತ್ತನ್ನು ಬೆಳೆಸುವ ಕೆಲಸವೂ ಜೊತೆಜೊತೆಯಾಗಿ ನಡೆಯಬೇಕು.

ಅಮೆರಿಕದಲ್ಲಿ ನಡೆದದ್ದು

ಈ ತೊಡಕು ನಮ್ಮದು ಮಾತ್ರವಲ್ಲ. ಎರಡನೆಯ ತೈಲ ಬಿಕ್ಕಟ್ಟಿನ ಕಾಲದಲ್ಲಿ ಅಮೆರಿಕದ ಅಧ್ಯಕ್ಷ ಜಿಮ್ಮಿ ಕಾರ್ಟರ್ ಅವರು 1979ರ ಜೂನ್ 20ರಂದು ಶ್ವೇತಭವನದ ಮಾಡಿನ ಮೇಲೆ ನೀರು ಕಾಯಿಸುವ 32 ಸೌರ ಫಲಕಗಳನ್ನು ಲೋಕಕ್ಕೆ ತೋರಿಸಿದರು. ತೈಲ ಕಂಪನಿಗಳ ಅನಿರೀಕ್ಷಿತ ಲಾಭದ ಮೇಲೆ ತೆರಿಗೆ ಹಾಕಿ ಅದರಿಂದ ಸೌರ ಬ್ಯಾಂಕೊಂದನ್ನು ನಡೆಸಬೇಕೆಂಬುದು ಅವರ ಯೋಜನೆ. 1980ರ ಮಾರ್ಚಿಯಲ್ಲಿ ಆಮದು ತೈಲದ ಮೇಲೆ ಪೀಪಾಯಿಗೆ 4.62 ಡಾಲರಿನ ಸುಂಕವನ್ನೂ ಪ್ರಕಟಿಸಿದರು. ಗ್ರಾಹಕನಿಗೆ ಅದರ ಹೊರೆ ಗ್ಯಾಲನ್ನಿಗೆ ಹತ್ತು ಸೆಂಟು.

ಸುಂಕಕ್ಕೆ ಬಂದ ಗತಿ ಕುತೂಹಲಕರವಾಗಿದೆ. ಮೇ ತಿಂಗಳಲ್ಲಿ ನ್ಯಾಯಾಲಯ ಅದನ್ನು ತಡೆಯಿತು. ಜೂನಿನಲ್ಲಿ ಅವರ ಸ್ವಂತ ಪಕ್ಷದ ಬಹುಮತವಿದ್ದ ಕಾಂಗ್ರೆಸ್ಸೇ ಅದನ್ನು ತಳ್ಳಿಹಾಕಿತು. ಲಾಭದ ಮೇಲಿನ ತೆರಿಗೆಯೇನೋ ಕಾನೂನಾಯಿತು. ಆದರೆ ಅದರ ಹಣ ಪ್ರತ್ಯೇಕ ನಿಧಿಯಲ್ಲಿ ನಿಲ್ಲದೆ ಸಾಮಾನ್ಯ ಬೊಕ್ಕಸಕ್ಕೆ ಸೇರಿತು. 1988ರಲ್ಲಿ ತೆರಿಗೆಯೇ ರದ್ದಾಯಿತು. ಶ್ವೇತಭವನದ ಫಲಕಗಳನ್ನು 1986ರಲ್ಲಿ ಕೆಳಗಿಳಿಸಿದರು. ಅಂಥವೇ ನೀರೊಲೆಗಳು ಇಂದು ಬೆಂಗಳೂರಿನ ತಾರಸಿಗಳ ಮೇಲೆ ಸಾಲುಸಾಲಾಗಿ ನಿಂತಿವೆ ಎಂಬುದನ್ನು ನೆನೆದರೆ, ಹಿಂದುಳಿದವರು ಯಾರು ಮುಂದುವರಿದವರು ಯಾರು ಎಂಬ ಅನುಮಾನ ಬರುತ್ತದೆ.

ಇದರಿಂದ ಎರಡು ಪಾಠಗಳು ಹೊಳೆಯುತ್ತವೆ. ಜನರಿಗೆ ಪ್ರತಿಫಲ ಕಾಣದ ಸುಂಕ ಬಾಳುವುದಿಲ್ಲ. ಪ್ರತ್ಯೇಕ ಬೀಗವಿಲ್ಲದ ಹಣ ನಿಲ್ಲುವುದಿಲ್ಲ.

ಬಡವನ ಮೇಲೆ ಹೊರೆಯಲ್ಲವೆ?

ಮೇಲಿನ ಲೆಕ್ಕವನ್ನು ಓದಿದವರು ಎತ್ತುವ ಮೊದಲ ಆಕ್ಷೇಪ ಇದೇ, ಮತ್ತು ಅದು ನ್ಯಾಯವಾದದ್ದು. ಡೀಸೆಲಿನ ಬೆಲೆ ಏರಿದರೆ ಲಾರಿಯ ಬಾಡಿಗೆ ಏರುತ್ತದೆ. ಲಾರಿಯಲ್ಲಿ ಬರುವ ತರಕಾರಿ, ಅಕ್ಕಿ, ತೆಂಗಿನಕಾಯಿ ಇವೆಲ್ಲದರ ಬೆಲೆ ಏರುತ್ತದೆ. ಕಾರಿಲ್ಲದವನೂ ಎಣ್ಣೆಯ ತೆರಿಗೆ ಕೊಡುತ್ತಾನೆ. ಆದರೆ ಇದರ ಇನ್ನೊಂದು ಮುಖವನ್ನೂ ನೋಡಬೇಕು. ಹೊಗೆಯ ತೆರಿಗೆಯನ್ನು ಬಡವನು ಈಗಾಗಲೇ ತನ್ನ ಎದೆಯಿಂದ ಕೊಡುತ್ತಿದ್ದಾನೆ. ಹೆದ್ದಾರಿಯ ಪಕ್ಕದ ಚಾಳಿನಲ್ಲಿ ಮಲಗುವವನು, ಫುಟ್‌ಪಾತಿನಲ್ಲಿ ಗಾಡಿ ಇಡುವವನು, ರಿಕ್ಷಾ ಓಡಿಸುವವನು, ಸಂಚಾರ ಪೊಲೀಸಿನವನು ಇವರಿಗೆ ಹವಾನಿಯಂತ್ರಿತ ಕೋಣೆಯ ರಕ್ಷಣೆ ಇಲ್ಲ. ಇನ್‌ಹೇಲರಿಗೂ ಆಸ್ಪತ್ರೆಗೂ ಅವರ ಕೈಯಿಂದಲೇ ಹಣ ಹೋಗುತ್ತದೆ. ಕೆಲಸಕ್ಕೆ ಹೋಗಲಾಗದ ದಿನದ ಕೂಲಿಯೂ ಹೋಗುತ್ತದೆ.

ಎರಡನೆಯ ಆಕ್ಷೇಪ ರಾಜ್ಯಗಳದ್ದು. ಸಂವಿಧಾನದ 270ನೆಯ ಅನುಚ್ಛೇದದ ಪ್ರಕಾರ ಕೇಂದ್ರವು ವಿಧಿಸುವ ಸೆಸ್ಸು, ಸರ್ಚಾರ್ಜುಗಳನ್ನು ರಾಜ್ಯಗಳೊಡನೆ ಹಂಚಿಕೊಳ್ಳಬೇಕಾಗಿಲ್ಲ. ಹೊಗೆ ಕುಡಿಯುವುದು ಊರು, ಹುಂಡಿ ತುಂಬುವುದು ದೆಹಲಿಯಲ್ಲಿ ಎಂಬ ದೂರು ಸಹಜವೇ.

ಆದ್ದರಿಂದ ನನ್ನ ಅಭಿಪ್ರಾಯದಲ್ಲಿ ಹೊಸ ಸುಂಕವೊಂದನ್ನು ತಲೆಯ ಮೇಲೆ ಹೊರಿಸಿದರೆ ಮಾತ್ರ ಆದೀತೆಂಬುದಿಲ್ಲ. 2020ರ ಮೇ ತಿಂಗಳಲ್ಲಿ ಪೆಟ್ರೋಲಿನ ಮೇಲೆ ಕೇಂದ್ರದ ಎಕ್ಸೈಸ್ ಸುಂಕ ಲೀಟರಿಗೆ 32.98 ರೂಪಾಯಿ ಮುಟ್ಟಿತ್ತು. 2022ರ ಮೇ ಹೊತ್ತಿಗೆ 19.90ಕ್ಕೆ ಇಳಿಯಿತು. ಲೋಕದ ಬೆಲೆ ಇಳಿದಾಗ ಸುಂಕ ಏರುತ್ತದೆ, ಬೆಲೆ ಏರಿದಾಗ ಸುಂಕ ಸ್ವಲ್ಪ ಇಳಿಯುತ್ತದೆ. ಈ ಏರಿಳಿತದ ನಡುವೆ ರಸ್ತೆಗೆ ಒಂದು ಪಾಲಿದೆ, ಕೃಷಿಯ ಹೆಸರಿನಲ್ಲಿ ಒಂದು ಪಾಲಿದೆ; ಉಸಿರಿನ ಹೆಸರಿನಲ್ಲಿ ಮಾತ್ರ ಒಂದು ಪೈಸೆಯೂ ಇಲ್ಲ. ಮುಂದೆ ಕಚ್ಚಾ ತೈಲದ ಬೆಲೆ ಇಳಿದ ಸಂದರ್ಭದಲ್ಲಿ ಆ ಇಳಿತದಿಂದ ಒಂದು ರೂಪಾಯಿಯನ್ನು ಬಂದರಿನಲ್ಲೇ ಹಿಡಿದಿಟ್ಟರೆ ಬಂಕಿನ ಬೆಲೆ ಏರಬೇಕಾಗಿಲ್ಲ.

ಹಾಗೆ ಹಿಡಿದ ರೂಪಾಯಿಗೆ ಮೂರು ಕಟ್ಟುಗಳು ಬೇಕು. ಒಂದು, ರಸ್ತೆ ನಿಧಿಗಿದ್ದಂತೆ ಅದಕ್ಕೂ ಸ್ವಂತ ಕಾನೂನು ಇರಬೇಕು. ಎರಡು, ಎಷ್ಟು ಬಂತು, ಎಷ್ಟು ಹೋಯಿತು, ಎಲ್ಲಿಗೆ ಹೋಯಿತು ಎಂಬ ಲೆಕ್ಕ ಪ್ರತಿವರ್ಷ ಸಂಸತ್ತಿನ ಮುಂದೆ ಬರಬೇಕು. ಮೂರು, ಒಂದು ಗೊತ್ತಾದ ಭಾಗ ಹೊಗೆ ಹೆಚ್ಚಿರುವ ನಗರಗಳಿಗೂ ರಾಜ್ಯಗಳಿಗೂ ನೇರವಾಗಿ ಸೇರಬೇಕು. ಅದರಲ್ಲೂ ಬಡವನು ಹತ್ತುವ ಬಸ್ಸು ಮತ್ತು ಲೋಕಲ್ ರೈಲಿಗೆ ಮೊದಲ ಹಕ್ಕು.

ಅಲ್ಲಿಯವರೆಗೆ ನಮ್ಮ ಎದೆಯ ರಕ್ಷಣೆ

ಕಾನೂನು ಬರುವವರೆಗೆ ಉಸಿರಾಡದೆ ಇರಲಾಗದು. ಆದ್ದರಿಂದ ವೈದ್ಯನಾಗಿ ಕೆಲವು ಸೂಚನೆಗಳನ್ನು ನೀಡಿ ಲೇಖನವನ್ನು ಮುಗಿಸುತ್ತೇನೆ.

ಮೂರು ವಾರಗಳಿಗೂ ಮೀರಿದ ಕೆಮ್ಮನ್ನು ನಿರ್ಲಕ್ಷಿಸಬೇಡಿ. ಧೂಮಪಾನ ಮಾಡದವರಿಗೂ ಶ್ವಾಸಕೋಶದ ದೀರ್ಘಕಾಲದ ಕಾಯಿಲೆ ಬರುತ್ತದೆ. ಊದಿ ನೋಡುವ ಸ್ಪೈರೋಮೆಟ್ರಿ ಪರೀಕ್ಷೆ ನೋವಿಲ್ಲದ್ದು, ಹೆಚ್ಚು ಖರ್ಚಿನದಲ್ಲ. ಇನ್‌ಹೇಲರ್ ಒಮ್ಮೆ ಹಿಡಿದರೆ ಚಟವಾಗುತ್ತದೆ ಎಂಬ ಭಯ ನಮ್ಮವರಲ್ಲಿ ಬಹಳ, ಅದು ಆಧಾರವಿಲ್ಲದ್ದು. ಗುಳಿಗೆಗಿಂತ ಕಡಿಮೆ ಪ್ರಮಾಣದ ಔಷಧ ನೇರವಾಗಿ ಬೇಕಾದ ಜಾಗವನ್ನು ಸೇರುತ್ತದೆ.

ವಾಯುವಿಹಾರಕ್ಕೆ ವಾಹನಗಳ ದಟ್ಟಣೆಯ ಹೊತ್ತನ್ನೂ ದೊಡ್ಡ ರಸ್ತೆಯ ಅಂಚನ್ನೂ ಬಿಡಿ. ಚಳಿಗಾಲದಲ್ಲಿ ಹೊಗೆ ನೆಲಕ್ಕೆ ಒತ್ತಿಕೊಂಡಿರುವುದರಿಂದ ಬಿಸಿಲು ಏರಿದ ಮೇಲೆ ಹೊರಡುವುದು ಲೇಸು. ರಸ್ತೆಯಲ್ಲೇ ದುಡಿಯುವವರು ಮುಖಕ್ಕೆ ಸರಿಯಾಗಿ ಕೂಡುವ ಎನ್-95 ಮುಖಗವಸು ಧರಿಸಲಿ. ಕರವಸ್ತ್ರ ಸೂಕ್ಷ್ಮ ಧೂಳನ್ನು ತಡೆಯದು. ಮನೆಯೊಳಗಿನ ಹೊಗೆಯೂ ಹೊಗೆಯೇ. ಮುಚ್ಚಿದ ಕೋಣೆಯಲ್ಲಿ ಸೊಳ್ಳೆಬತ್ತಿ, ಅಗರಬತ್ತಿಗಳನ್ನು ಮಿತಗೊಳಿಸಿ. ಒಗ್ಗರಣೆಯ ಹೊತ್ತಿಗೆ ಕಿಟಕಿ ತೆರೆದಿರಲಿ. ಹಿರಿಯರೂ ಉಬ್ಬಸದವರೂ ವೈದ್ಯರ ಸಲಹೆ ಪಡೆದು ಪ್ರತಿವರ್ಷ ಫ್ಲೂ ಲಸಿಕೆ ಹಾಕಿಸಿಕೊಳ್ಳುವುದು ಒಳ್ಳೆಯದು.

ವಾಹನವುಳ್ಳವರು ಸಿಗ್ನಲ್ಲಿನಲ್ಲಿ ಎಂಜಿನ್ ನಿಲ್ಲಿಸುವ ಅಭ್ಯಾಸ ಮಾಡಿಕೊಳ್ಳಲಿ; ಹೊಗೆ ತಪಾಸಣೆಯ ಚೀಟಿಯನ್ನು ಕಾಟಾಚಾರಕ್ಕೆ ಪಡೆಯದಿರಲಿ. ಹೌಸಿಂಗ್ ಸೊಸೈಟಿಗಳಲ್ಲಿ ಪದಾಧಿಕಾರಿಗಳಾಗಿರುವ ಬಂಧುಗಳಿಗೆ ಇನ್ನೊಂದು ಮಾತು. 2024ರ ಫೆಬ್ರವರಿಯಲ್ಲಿ ಪ್ರಾರಂಭವಾದ ಕೇಂದ್ರದ ಸೂರ್ಯಘರ್ ಯೋಜನೆಯಲ್ಲಿ ಸ್ವಂತ ಮನೆಗಳಿಗೆ 78 ಸಾವಿರ ರೂಪಾಯಿವರೆಗೆ, ಸೊಸೈಟಿಗಳ ಲಿಫ್ಟು, ಪಂಪು, ಮೆಟ್ಟಿಲ ದೀಪಗಳಂಥ ಸಾಮೂಹಿಕ ಸೌಕರ್ಯಗಳಿಗೆ ಕಿಲೋವಾಟಿಗೆ 18 ಸಾವಿರ ರೂಪಾಯಿಯಂತೆ ಸಹಾಯಧನವನ್ನು ಗೊತ್ತುಮಾಡಲಾಯಿತು. ಮುಂದಿನ ಸರ್ವಸದಸ್ಯರ ಸಭೆಯಲ್ಲಿ ಈ ವಿಚಾರವನ್ನು ಎತ್ತಿ, ಅಂದಿನ ನಿಯಮಗಳನ್ನು ವಿಚಾರಿಸಿ ನೋಡಬಹುದು.

ಆ ಟ್ಯಾಕ್ಸಿಯ ಹಿರಿಯರು ಮೂರು ತಿಂಗಳ ಮೇಲೆ ಮತ್ತೆ ಬಂದರು. ಇನ್‌ಹೇಲರಿನಿಂದ ಅವರಿಗೆ ಕೊಂಚ ಸುಖವಾಗಿದೆ. ಆದರೆ ಕಳೆದುಹೋದ ಅರ್ಧ ಉಸಿರು ಇನ್ನು ಹಿಂದಿರುಗಲಾರದು. ಅವರು ಕೇಳಿದ್ದ ಪ್ರಶ್ನೆಗೆ ನಾನು ಹುಡುಕಿ ತಂದ ಉತ್ತರವನ್ನು ಹೇಳಿದೆ: “ನಿಮ್ಮ ತೆರಿಗೆಯಲ್ಲಿ ಊರಿಗೆ ಹೋಗುವ ರಸ್ತೆಗೆ ಪಾಲು ಉಂಟು. ಕೆಮ್ಮಿಗೆ ಅಂತ ಇಲ್ಲ. ಕಲ್ಲಿದ್ದಲಿನ ಮೇಲೆ ಒಮ್ಮೆ ಇಟ್ಟಿದ್ದರು, ಅದನ್ನೂ ಮುಚ್ಚಿದರು.”

ಅವರು ಚೀಟಿಯನ್ನು ಮಡಚಿ ಜೇಬಿಗೆ ಹಾಕಿಕೊಂಡು, “ಹಾಗಾದರೆ ಕೇಳಬೇಕಲ್ಲ ಡಾಕ್ಟ್ರೇ. ಕೇಳದೆ ಯಾರು ಕೊಡ್ತಾರೆ?” ಎಂದರು. ನಮ್ಮ ಸಂಘದ ಸಭೆಗಳಿಗೆ ಜನಪ್ರತಿನಿಧಿಗಳು ಅತಿಥಿಗಳಾಗಿ ಬರುವುದುಂಟು. ಹಾರ ತುರಾಯಿಗಳ ಜೊತೆಗೆ ಈ ಒಂದು ಪ್ರಶ್ನೆಯನ್ನೂ ಅವರ ಕೈಯಲ್ಲಿಡುವುದು ನಮ್ಮಿಂದ ಆಗದ ಕೆಲಸವೇನಲ್ಲ.